ಮಣ್ಣು ಹೊತ್ತವರ ಹಿಂದೆ

ಸೈನ್ಯ ಬಿಟ್ಟು ಬಂದ ಮೇಲೆ ನಾನು ಗಡಿ ತಕರಾರುಗಳ ಬಗ್ಗೆ ಓದಲು, ಬರೆಯಲು ಶುರುಮಾಡಿದೆ. ಬೇರೆ ಕೆಲಸ ಬರುತ್ತಿರಲಿಲ್ಲ ಎಂಬುದು ಒಂದು ಕಾರಣ. ಬಂದೂಕು ಹಿಡಿದು ನಾವು ಕಾದ ಗೆರೆಗಳನ್ನು ಎಳೆದವರು ಯಾರಪ್ಪಾ ಎಂಬ ಸಿಟ್ಟು ಇನ್ನೊಂದು. ಆಗ ಕೊಡಗು ತನ್ನದೇ ಒಂದು ಪುಟ್ಟ ರಾಜ್ಯ, ಮಡಿಕೇರಿಯಲ್ಲೇ ಸರ್ಕಾರ. ಮೇಜರ್ ಆಗಿದ್ದವನು ಪುಸ್ತಕ ಹಿಡಿದು ಕೂತಿದ್ದಾನೆ ಎಂದು ಜನ ನಗುತ್ತಿದ್ದರು. ಹಾಗಾಗಿ ಮಡಿಕೇರಿಯ ಸರ್ಕಾರಿ ಕಚೇರಿಯವರು ಕರಿಕೆ ಕಡೆಯ ಗಡಿಯ ಮೇಲೆ ವರದಿ ಕೇಳಿದಾಗ ಬೀಗಿದೆ. ಸುಳ್ಳು ಯಾಕೆ ಹೇಳಲಿ.

ಕರಿಕೆಯಿಂದಾಚೆ ಮದ್ರಾಸ್ ರಾಜ್ಯ. ನಕ್ಷೆಯ ಪ್ರಕಾರ ನಡುವಿನ ತೋಡು, ಅಂದರೆ ಸಣ್ಣ ಹಳ್ಳವೇ ಗಡಿ. ಅಲ್ಲಿನ ರೈತ, ಎಪ್ಪತ್ತು ದಾಟಿದ ಅಜ್ಜ ಒಬ್ಬರು, ಗಡಿ ಇರುವುದು ತೋಡಿನಲ್ಲಲ್ಲ, ಅದರಾಚೆಯ ಗುಡ್ಡದ ನೆತ್ತಿಯಲ್ಲಿ ಎಂದರು. ಅವರ ಮನೆ, ಗದ್ದೆ, ಮೆಣಸಿನ ಬಳ್ಳಿ ಎಲ್ಲವೂ ತೋಡಿಗೂ ಗುಡ್ಡಕ್ಕೂ ನಡುವೆ. ಜಮೀನಿನ ಪಟ್ಟೆಗಾಗಿ ಮಡಿಕೇರಿಯಲ್ಲಿ ಅರ್ಜಿ ಹಾಕಿ ಕಾದಿದ್ದರು. ತೋಡೇ ಗಡಿ ಎಂದಾದರೆ ಆ ಅರ್ಜಿಗೆ ಬೆಲೆಯಿಲ್ಲ. ಆಚೆ ಸರ್ಕಾರದ ಪಾಲಿಗೆ ಅದು ಬರೀ ಕಾಡು, ಮನೆ ಖಾಲಿ ಮಾಡಬೇಕು.

“ಏನಾದರೂ ಕಾಗದ ಉಂಟಾ ಅಜ್ಜಾ?” ಎಂದು ಕೇಳಿದೆ.

“ಕಾಗದ ಏನೂ ಇಲ್ಲೆ ಸಾಬ್ರೆ. ನಡ್ದು ತೋರಿಸ್ತೆ.”

ಮಿಂದು ಬಂದು, ಗದ್ದೆಯಿಂದ ಒಂದು ಹೆಂಟೆ ಮಣ್ಣು ಕಿತ್ತು ತಲೆಯ ಮೇಲಿಟ್ಟುಕೊಂಡರು. ಹೀಗೆ ಮಣ್ಣು ಹೊತ್ತು ಗಡಿ ನಡೆಯುವುದು ಹಳೆಯ ಪದ್ಧತಿ. ಹೊತ್ತವರು ಮಾತಾಡಬಾರದು, ಕೂರಬಾರದು. ಸುಳ್ಳು ಗೆರೆ ತುಳಿದರೆ ಮನೆಯಲ್ಲಿ ದೀಪ ಹಚ್ಚುವವರು ಉಳಿಯುವುದಿಲ್ಲ ಎಂಬ ನಂಬಿಕೆ. ಬರಿಗಾಲಲ್ಲಿ ಅವರು ಮುಂದೆ, ಬೂಟು ಹಾಕಿದ ನಾನು ದಿಕ್ಸೂಚಿ ಹಿಡಿದು ಹಿಂದೆ. ಅವರ ಕಣಕಾಲಿಗೆ ಜಿಗಣೆಗಳು ಹತ್ತಿ ರಕ್ತ ಇಳಿಯುತ್ತಿತ್ತು, ಬಗ್ಗಿ ಕೀಳುವಂತಿಲ್ಲ. ಅರ್ಧ ಏರಿನಲ್ಲಿ ಕತ್ತು ನಡುಗತೊಡಗಿದಾಗ ಸಾಕು ಎನ್ನೋಣವೆನಿಸಿತು. ಹೇಳಲಿಲ್ಲ. ಗುಡ್ಡದ ನೆತ್ತಿಯಲ್ಲಿ ಮಣ್ಣು ಇಳಿಸಿ ನೀರು ಕೇಳಿದರು. ಅವರು ಸುಳ್ಳಾಡಿಲ್ಲ ಎಂದು ನನಗೆ ಆಗಲೇ ಖಾತ್ರಿಯಾಗಿತ್ತು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ವಿದ್ವಾಂಸ ಬೇರೆ ಆಗಿಬಿಟ್ಟಿದ್ದೆನಲ್ಲ! ಕಾಗದದ ಪುರಾವೆ ಇಲ್ಲವೆಂದು ವರದಿಯಲ್ಲಿ ತೋಡನ್ನೇ ಗಡಿ ಎಂದು ಬರೆದು, ಅಜ್ಜನ ನಡಿಗೆಯನ್ನು ಅಡಿಟಿಪ್ಪಣಿಗೆ ತಳ್ಳಿದೆ. ಅಡಿಟಿಪ್ಪಣಿಯನ್ನು ಯಾರು ಓದುತ್ತಾರೆ?

ಕೆಲವು ತಿಂಗಳ ಮೇಲೆ ಅಜ್ಜ ತಿರಸ್ಕೃತ ಅರ್ಜಿ ಹಿಡಿದು ನಮ್ಮ ಮನೆಗೆ ಬಂದರು. “ನೀವು ನನ್ನ ಹಿಂದೆನೇ ಬಂದಿದ್ರಿ. ಅಷ್ಟು ಹೇಳಿರೆ ಸಾಕು” ಎಂದರು. ಇಬ್ಬರೂ ಕಚೇರಿಗೆ ಹೋದೆವು. ನಡೆದದ್ದನ್ನೆಲ್ಲ ಅಧಿಕಾರಿಗೆ ಹೇಳಿದೆ. ಆತ ವಿನಯವಂತ, ಪೂರ್ತಿ ಕೇಳಿಸಿಕೊಂಡು ನನ್ನದೇ ವರದಿಯನ್ನು ನನ್ನ ಮುಂದಿಟ್ಟ.

“ಸರ್, ಮಣ್ಣು ಹೊತ್ತು ನಡೆದದ್ದನ್ನ ಸಾಕ್ಷ್ಯ ಅಂತ ತಾವೇ ಬರೆದುಕೊಡ್ತೀರಾ? ಕೊಟ್ರೆ ಮೇಲಕ್ಕೆ ಕಳಿಸ್ತೀನಿ.”

ಒಂದು ಸಾಲು ಬರೆದರೆ ಆಗುತ್ತಿತ್ತು. ಆದರೆ ಓದಿದವರೆಲ್ಲ ನಗುತ್ತಾರೆಂಬ ಭಯ. ಬರೆದದ್ದನ್ನು ನಾನೇ ತಿದ್ದಬೇಕಲ್ಲ ಎಂಬ ಬೇಸರ ಬೇರೆ. ನಿಜ ಹೇಳಬೇಕೆಂದರೆ ಅಂದು ದಣಿದಿದ್ದೆ. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

“ಸಾಕ್ಷ್ಯ ಅನ್ನೋಕೆ ಬರಲ್ಲ” ಎಂದೆ. ಅಜ್ಜ ಪಕ್ಕದಲ್ಲೇ ಕೂತಿದ್ದರು.

ಅಧಿಕಾರಿ ಅವರ ಕಡೆ ತಿರುಗಿದ. “ನೀವೇನಂತೀರಿ ಅಜ್ಜಾ?”

“ಸಾಬ್ರು ಓದಿದವರು. ಅವ್ರು ಹೇಳ್ದದೇ ಸರಿ ಇರೊಕು” ಎಂದರು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಳೆಗಾಲಕ್ಕೆ ಮೊದಲೇ ಅವರು ಮನೆ ಬಿಟ್ಟರೆಂದು ಕೇಳಿದೆ. ಎಲ್ಲಿಗೆ ಹೋದರೆಂದು ವಿಚಾರಿಸಲು ನನಗೆ ಮುಖವಿರಲಿಲ್ಲ.