ದೂರದ ಖೋಲಿಯ ಕೊತ್ತಂಬರಿ

ಮಲ್ಲಮ್ಮ ಆ ದಿನ ಕನ್ನಡದಲ್ಲಿ ಹೇಳಿದ್ದು ಒಂದು, ನಾನು ಅದನ್ನು ಮರಾಠಿಯಲ್ಲಿ ಹೇಳಿದ್ದು ಇನ್ನೊಂದು. ಬೇಕೆಂದೇ ಹಾಗೆ ಹೇಳಿದೆ. ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡು ನೋಡಿದೆ — ಒಪ್ಪಿಗೆಯಾಗಲಿಲ್ಲ. ಬಾಯಿ ತಪ್ಪಿರಲೇ ಇಲ್ಲ. ಆ ಮೊಲಗಳು ಸತ್ತದ್ದು ನನ್ನ ಕೈಯಿಂದ. ಆ ಅಪವಾದ ಹೊತ್ತು ಕೆಲಸವನ್ನೂ ತಲೆಯ ಮೇಲಿನ ಸೂರನ್ನೂ ಕಳೆದುಕೊಂಡವಳು ಮಲ್ಲಮ್ಮ.

ನಾನು ವಿಜಯಪುರದವಳು. ಮದುವೆಯಾಗಿ ಪುಣೆಗೆ ಬಂದು ಮೂವತ್ತು ವರ್ಷಗಳ ಮೇಲಾಯಿತು. ವಿಮಾನ ನಗರದಲ್ಲಿ ಮನೆ. ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ಬೇಗ ನಿವೃತ್ತಿ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಇದ್ದ ಡಬ್ಬಿಗಳನ್ನೇ ಮತ್ತೆ ಮತ್ತೆ ಒರೆಸಿ ಜೋಡಿಸುವುದನ್ನು ನೋಡಿ ಯಜಮಾನರು, “ನನ್ನ ತಲಿ ತಿನ್ನೂದು ಬಿಟ್ಟು ಎಲ್ಲ್ಯರ ಮೊಲಕ್ಕ ಸೊಪ್ಪು ತಿನ್ಸು ಹೋಗು” ಎಂದು ನಕ್ಕರು. ಪತ್ರಿಕೆಯಲ್ಲಿ ಬೇಡವಾದ ಮೊಲಗಳನ್ನು ಸಾಕುವ ಆಶ್ರಯವೊಂದರ ಸುದ್ದಿ ಓದಿ ಹೇಳಿದ ತಮಾಷೆ ಅದು. ನಾನು ಮರುದಿನವೇ ಹೋದೆ.

ಪುಣೆಯ ಅಂಚಿನ ಭೋಸರಿಯ ಆಚೆ, ಮೊದಲು ವರ್ಕ್‌ಶಾಪ್ ಆಗಿದ್ದ ಒಂದು ಹಳೆಯ ಶೆಡ್ಡು. ಟವರುಗಳ ಮನೆಗಳಲ್ಲಿ ಮಗುವಿನ ಹುಟ್ಟುಹಬ್ಬಕ್ಕೆಂದು ಮೊಲ ತರುತ್ತಾರೆ. ಅದು ಚಾರ್ಜರಿನ ವೈರು ಕಡಿದು, ಸೋಫಾ ಮೇಲೆ ಉಚ್ಚೆ ಹೊಯ್ದ ಮೇಲೆ ಪ್ರೀತಿ ಮುಗಿಯುತ್ತದೆ; ರಟ್ಟಿನ ಡಬ್ಬಿಯಲ್ಲಿ ಹಾಕಿ ಇಲ್ಲಿಯ ಗೇಟಿನ ಮುಂದೆ ಇಟ್ಟು ಕಾರು ಹತ್ತುತ್ತಾರೆ. ಅಂಥವನ್ನೆಲ್ಲ ಎತ್ತಿಕೊಂಡು ಸಾಕುತ್ತಿದ್ದವರು ವೈಶಾಲಿತಾಯಿ; ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು, ಮಾತು ಕಡಿಮೆ, ಶಿಸ್ತು ಜಾಸ್ತಿ. ಪಂಜರ ತೊಳೆಯಲು, ಬೆಳಿಗ್ಗೆ ಸಂತೆಗೆ ಹೋಗಿ ಸೊಪ್ಪು ತರಲು ಮಲ್ಲಮ್ಮ ಇದ್ದಳು. ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಶೆಡ್ಡಿಗೆ ಹೊಂದಿಕೊಂಡ ಪತ್ರಾಸಿನ ತಗಡಿನ ಕೋಣೆಯಲ್ಲಿ ಅವರ ಸಂಸಾರ.

ವೈಶಾಲಿತಾಯಿಗೆ ಕನ್ನಡ ಬಾರದು. ಮಲ್ಲಮ್ಮನಿಗೆ ಸಂತೆಯಲ್ಲಿ ಸೊಪ್ಪು ಕೊಳ್ಳುವಷ್ಟು ಮಾತ್ರ ಮರಾಠಿ. ಹಾಗಾಗಿ ಆಕೆಯ ಮಾತು ಈಕೆಗೆ, ಈಕೆಯ ಮಾತು ಆಕೆಗೆ ದಾಟಿಸುವ ಕೆಲಸ ತಾನಾಗಿಯೇ ನನಗೆ ಬಂತು. ಬಂತು ಅನ್ನುವುದೇನು, ನಾನೇ ಮುಂದೆ ಬಿದ್ದು ತೆಗೆದುಕೊಂಡೆ. ‘ನೀವಿಲ್ಲದಿದ್ದರೆ ಇಲ್ಲಿ ಒಂದು ದಿನ ನಡೆಯುವುದಿಲ್ಲ’ ಎಂದು ತಾಯಿ ಅಂದಾಗ ನನಗೆ ಒಳಗೊಳಗೇ ಎಷ್ಟು ಹಿಗ್ಗು!

ಮಲ್ಲಮ್ಮ ಮೊಲಗಳಿಗೆ ತನ್ನದೇ ಹೆಸರಿಟ್ಟಿದ್ದಳು. ತಾಯಿಯ ಪಟ್ಟಿಯಲ್ಲಿ ಸ್ನೋಯಿ, ಬನ್ನಿ, ಕುಕೀ — ಇವಳ ಬಾಯಲ್ಲಿ ಸಜ್ಜಿ, ಅಗಸಿ, ಬೆಲ್ಲ. ಒಂದು ಬಿಳಿಯ ಮರಿಯನ್ನು ಅಳ್ಳು ಎಂದು ಕರೆಯುತ್ತಿದ್ದಳು, ಪಂಚಮಿ ಹಬ್ಬದಲ್ಲಿ ಹುರಿಯುವ ಜೋಳದ ಅರಳಿನ ಹೆಸರು. ಹೆತ್ತ ಮೊಲ ಅದಕ್ಕೆ ಹಾಲು ಕುಡಿಸದೆ ಬಿಟ್ಟಾಗ ಸೀರೆಯ ಮಡಿಲಲ್ಲಿ ಇಟ್ಟುಕೊಂಡು ಸಿರಿಂಜಿನಲ್ಲಿ ಹಾಲು ಹಾಕಿ ಬದುಕಿಸಿದವಳು ಅವಳೇ. ಅದು ಅವಳ ಸದ್ದಿಗೆ ಕಿವಿ ನಿಮಿರಿಸುತ್ತಿತ್ತು, ನಮ್ಮ ಯಾರ ಸದ್ದಿಗೂ ಅಲ್ಲ.

ಇನ್ನು ಆ ಖೋಲಿ. ಹೊಸದಾಗಿ ಬಂದ ಮೊಲವನ್ನು, ರೋಗವಿದ್ದರೆ ಹರಡದಿರಲೆಂದು, ಎರಡು ವಾರ ಅಂಗಳದ ಆಚೆಯ ಕೋಣೆಯಲ್ಲಿ ಇಡಬೇಕು. ದೂರದ ಖೋಲಿ ಎಂದು ನಾವು ಕರೆಯುತ್ತಿದ್ದೆವು. ಅಲ್ಲಿಗೆ ಬೇರೆ ಚಪ್ಪಲಿ, ಬೇರೆ ಪೊರಕೆ, ಬೇರೆ ಬಟ್ಟಲು. ಅಲ್ಲಿಗೆ ಹೋದ ಸೊಪ್ಪು, ಹುಲ್ಲು ಹೊರಗೆ ಬರಕೂಡದು. ತಿನ್ನದೆ ಉಳಿದಿದ್ದನ್ನು ಚೀಲಕ್ಕೆ ತುಂಬಿ ಸುಡಬೇಕು. ಈ ನಿಯಮವನ್ನು ಮಲ್ಲಮ್ಮನಿಗೆ ಕನ್ನಡದಲ್ಲಿ ತಿಳಿಸಿ ಹೇಳಿದವಳು — ಮತ್ಯಾರು? ನಾನೇ. ‘ನಮ್ಮ ಮನೀ ಮಡಿ ಇದ್ಧಂಗ ತಿಳ್ಕೊ’ ಎಂದು ಉದಾಹರಣೆ ಬೇರೆ ಕೊಟ್ಟಿದ್ದೆ.

ಆ ಮಳೆಗಾಲದಲ್ಲಿ ಒಂದು ಡಬ್ಬಿಯಲ್ಲಿ ಐದು ಮೊಲ ಬಂದವು. ಬಡಕಲು, ಹಿಂಗಾಲಿಗೆಲ್ಲ ಹೇಲು ಮೆತ್ತಿಕೊಂಡಿತ್ತು. ದೂರದ ಖೋಲಿಯಲ್ಲಿಟ್ಟೆವು. ಅವಕ್ಕೆ ಹಸಿವೇ ಇರಲಿಲ್ಲ. ಮುಂದಿಟ್ಟ ಕೊತ್ತಂಬರಿ ಕಟ್ಟು ಹಾಗೆಯೇ, ಎಲೆ ಬಾಡದೆ, ಮರುದಿನವೂ ಬಿದ್ದಿರುತ್ತಿತ್ತು. ಅದನ್ನು ಸುಡಬೇಕು. ನನ್ನ ಕೈ ಏಳಲಿಲ್ಲ.

ನಾನು ಬೆಳೆದ ಮನೆಯಲ್ಲಿ ತಾಟಿನಲ್ಲಿ ಅನ್ನ ಬಿಟ್ಟರೆ ಅಜ್ಜಿ ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಕೊತ್ತಂಬರಿ ಕಡ್ಡಿಯನ್ನೂ ಎಸೆಯದೆ ಸಾರಿಗೆ ಹಾಕುವವರು ನಾವು. ಒಳ್ಳೆಯ ಸೊಪ್ಪಿಗೆ ಬೆಂಕಿ ಹಚ್ಚುವುದೆಂದರೆ — ಇಲ್ಲ, ಇದನ್ನು ನೆಪವಾಗಿ ಹೇಳುತ್ತಿಲ್ಲ. ನಡೆದದ್ದು ಹೀಗೆ ಎಂದು ಹೇಳುತ್ತಿದ್ದೇನೆ, ಅಷ್ಟೇ. ಆ ಸೊಪ್ಪನ್ನು ಎತ್ತಿ, ಎರಡು ನೀರಿನಲ್ಲಿ ತೊಳೆದು, ಮರಿಗಳ ಪಂಜರಕ್ಕೆ ಹಾಕಿದೆ. ಒಂದು ದಿನವಲ್ಲ, ನಾಲ್ಕು ದಿನ.

ಎರಡನೆಯ ದಿನ ಮಲ್ಲಮ್ಮ ನೋಡಿದಳು. “ಅಕ್ಕಾರ, ಆ ಖೋಲಿಂದು ಈ ಕಡೆ ತರಬಾರ್ದಂತಲ್ರಿ? ನೀವ ಹೇಳಿದ್ರಿ.”

“ತೊಳದೀನಿ ತಗೋ. ಸೊಪ್ಪಿಗೆಲ್ಲಿ ಮೈಲಿಗಿ?” ಎಂದೆ. ನನಗೆ ಹೇಳಲು ಬಂದವಳು ಇವಳು, ಎಂಬ ಸಿಟ್ಟೂ ಆ ಮಾತಿನಲ್ಲಿತ್ತು. ಅವಳು ಸುಮ್ಮನಾದಳು. ಓದಿದವರು, ತಿಳಿದವರು ಎಂದುಕೊಂಡಿರಬೇಕು.

ವಾರ ಕಳೆಯುವುದರೊಳಗೆ ಮರಿಗಳು ಮೂಲೆಗೆ ಸೇರಿದವು. ಬೆನ್ನು ಗೂನಾಗಿಸಿ ಕೂತು ಹಲ್ಲು ಕಡಿಯುತ್ತಿದ್ದವು. ಹೊಟ್ಟೆ ಉಬ್ಬಿ, ಭೇದಿ ಹತ್ತಿತು. ಮೊಲ ನೋವಾದರೆ ಕೂಗುವ ಪ್ರಾಣಿಯಲ್ಲ. ಪಕ್ಕದ ಪಂಜರ ತೊಳೆಯುತ್ತಿದ್ದಾಗಲೇ ಈ ಪಂಜರದಲ್ಲಿ ಒಂದು ಹೋಗಿರುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಮೊದಲ ದಿನ ಎರಡು, ಆಮೇಲೆ ಐದು, ಆಮೇಲೆ ಎಣಿಸಲು ಮನಸ್ಸಾಗಲಿಲ್ಲ. ಮಲ್ಲಮ್ಮ ಮೂರು ದಿನ ಪಕ್ಕದ ತನ್ನ ಕೋಣೆಗೂ ಹೋಗದೆ ಔಷಧಿ ಕುಡಿಸಿದಳು. ಅಳ್ಳು ಸತ್ತ ಮಧ್ಯಾಹ್ನ ಅವಳು ಅಳಲಿಲ್ಲ; ಅದನ್ನು ತನ್ನ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ, ಉಳಿದವುಗಳ ಪಂಜರ ತೊಳೆಯಲು ಹೋದಳು.

ಪಶುವೈದ್ಯರು ಬಂದು ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೊಸ ಐದು ಮೊಲಗಳಲ್ಲಿದ್ದ ಕರುಳಿನ ರೋಗವೇ ಮರಿಗಳಿಗೂ ಬಂದಿದೆ, ಇದು ಗಾಳಿಯಲ್ಲಿ ಹೋಗುವ ರೋಗವಲ್ಲ, ಬಾಯಿಂದಲೇ ಹೋಗಬೇಕು, ತೊಳೆದರೂ ಬಿಡುವುದಿಲ್ಲ ಎಂದರು. ಯಾರೋ ಅಲ್ಲಿಯದನ್ನು ಇಲ್ಲಿಗೆ ತಂದಿದ್ದಾರೆ ಎಂದು ನಮ್ಮೆಲ್ಲರ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ — ನಾನು ಕೊತ್ತಂಬರಿ ಹಿಡಿದಿದ್ದ ನನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ವೈಶಾಲಿತಾಯಿ ಮಲ್ಲಮ್ಮನ ಕಡೆ ತಿರುಗಿದರು. ಸೊಪ್ಪಿನ ಕೆಲಸ ಅವಳದು, ಕೇಳಬೇಕಾದದ್ದು ಅವಳನ್ನೇ. ಗಡಿಬಿಡಿಯ ಮರಾಠಿ ಮಲ್ಲಮ್ಮನ ತಲೆಗೆ ಹತ್ತಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಸರಿಯಾಗಿಯೇ ಹೇಳಿದೆ. ಅವಳು ತಾಯಿಯತ್ತ ತಿರುಗಿ, ಅವರಿಗೆ ತಿಳಿಯುವುದಿಲ್ಲವೆಂದು ಗೊತ್ತಿದ್ದರೂ ಅವರ ಮುಖ ನೋಡಿಯೇ ಹೇಳಿದಳು:

“ನಾ ಸಂತಿಯಿಂದ ತಂದ ಸೊಪ್ಪು ಸೀದಾ ಮರಿಗೋಳಿಗೆ ಹಾಕೀನ್ರಿ. ಆ ಖೋಲಿ ಕೊತ್ತಂಬ್ರಿ ಅಕ್ಕಾರು ತಂದು ಹಾಕ್ಯಾರ್ರಿ. ಹಾಳ ಆಗಬಾರ್ದಂತ ಹಾಕ್ಯಾರ, ಗೊತ್ತಿಲ್ದ ಆಗೇದ. ಅವರ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ನನ್ನ ಮೇಲೆ ಸಿಟ್ಟಾಗಬೇಡಿ ಎಂದು ನನ್ನ ಪರವಾಗಿ ಕೇಳಿಕೊಂಡಳು! ಮತ್ತೆ ನನ್ನತ್ತ ನೋಡಿ, ಹೇಳ್ರಿ ಎಂಬಂತೆ ತಲೆಯಾಡಿಸಿದಳು. ವೈದ್ಯರು ಕಾಯುತ್ತಿದ್ದರು, ತಾಯಿ ಕಾಯುತ್ತಿದ್ದರು. ನಾನು ಮರಾಠಿಯಲ್ಲಿ ಹೇಳಿದೆ — ಆ ಖೋಲಿಯ ಕೊತ್ತಂಬರಿಯನ್ನು ಮರಿಗಳಿಗೆ ಹಾಕಿದ್ದು ಅವಳೇ ಅಂತೆ, ಹಾಳಾಗಬಾರದೆಂದು ಹಾಕಿದಳಂತೆ, ಗೊತ್ತಿಲ್ಲದೆ ಆಗಿದೆಯಂತೆ, ಸಿಟ್ಟಾಗಬೇಡಿ ಅನ್ನುತ್ತಾಳೆ. ಅವಳು ಹೇಳಿದ್ದೆಲ್ಲ ಅದರಲ್ಲಿತ್ತು, ನಾನೊಬ್ಬಳು ಇರಲಿಲ್ಲ. ಎಷ್ಟು ಸಲೀಸಾಗಿ ಬಂತು! ಒಂದು ಕಡೆಯೂ ತಡವರಿಸಲಿಲ್ಲ.

ತಾಯಿ, ನಾಳೆಯಿಂದ ಬರುವುದು ಬೇಡ, ಕೋಣೆ ಖಾಲಿ ಮಾಡಲಿ ಎಂದರು. ಅದನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಹೇಳುವಾಗ ಅತ್ತೆ. ಆ ಅಳು ನಿಜವಾಗಿತ್ತೆಂದು ಹೇಳಿದರೆ ನೀವು ನಂಬಬೇಕಾಗಿಲ್ಲ.

ಮಾರನೆಯ ದಿನ ಟೆಂಪೋಗೆ ಸಾಮಾನು ಏರಿಸಿ ಹೊರಟಾಗ ಗೇಟಿನ ಹತ್ತಿರ ಮಲ್ಲಮ್ಮ ನನ್ನ ಕೈ ಹಿಡಿದುಕೊಂಡಳು. “ಎಲ್ಲಾರ ಮುಂದ ನಿಮ್ಮ ತಪ್ಪು ಒಪ್ಕೊಂಡ್ರಿ. ಯಾರ ಒಪ್ಕೋತಾರ್ರಿ ಹಂಗ? ನಾ ನೋಡಿನೂ ಸುಮ್ಮನಿದ್ದೆ ಅಂತ ಅವರಿಗೆ ನನ್ನ ಮ್ಯಾಲ ಸಿಟ್ಟು. ಖರೇನ ಅದು. ನೀವು ಅಳಬ್ಯಾಡ್ರಿ.”

ತನ್ನ ಮಾತನ್ನು ನಾನು ಇದ್ದಂತೆಯೇ ದಾಟಿಸಿದೆನೆಂದು ಅವಳು ನಂಬಿದ್ದಳು. ಆಗಲಾದರೂ ಹೇಳಬಹುದಿತ್ತು. ತಾಯಿ ಒಳಗೇ ಇದ್ದರು, ಇಪ್ಪತ್ತು ಹೆಜ್ಜೆ. ನಾನು ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಊರಿಗೆ ಹೋದರೆ ತಿಳಿಸು ಎಂದು ಏನೋ ಅಂದೆ.

ಆಮೇಲೆ ಮೂರು ವರ್ಷ — ಹೋಗುವುದನ್ನು ಬಿಟ್ಟಿದ್ದರೆ ವಾಸಿಯಿತ್ತೇನೋ. ಬಿಡಲಿಲ್ಲ. ಬಿಟ್ಟರೆ ಯಾಕೆ ಎಂದು ಕೇಳುತ್ತಾರಲ್ಲ! ಹೊಸ ಸ್ವಯಂಸೇವಕರು ಬಂದಾಗಲೆಲ್ಲ ತಾಯಿ ದೂರದ ಖೋಲಿಯ ಬಾಗಿಲಲ್ಲಿ ನಿಲ್ಲಿಸಿ, ಇಲ್ಲಿ ಮಲ್ಲಮ್ಮ ಎಂಬ ಹೆಂಗಸಿದ್ದಳು, ಹೇಳಿದ್ದು ಕೇಳದೆ ಹೀಗೆ ಮಾಡಿದಳು, ಮರಿಗಳಲ್ಲಿ ಒಂದೂ ಉಳಿಯಲಿಲ್ಲ ಎಂದು ಹೇಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ತಲೆ ತಗ್ಗಿಸುತ್ತಿದ್ದೆ. ದುಃಖಕ್ಕೆ ತಗ್ಗಿಸಿದ್ದಾಳೆ ಎಂದು ಅವರು ತಿಳಿಯುತ್ತಿದ್ದರು.

ಹೋದ ತಿಂಗಳು ಬೆಂಗಳೂರಿನ ಒಬ್ಬ ಹುಡುಗಿ ಸೇರಿದಳು, ಮಗರಪಟ್ಟಾದ ಸಾಫ್ಟ್‌ವೇರ್ ಆಫೀಸಿನವಳು. ಮರಾಠಿ ಬಾರದು. ಮಲ್ಲಮ್ಮನ ಸಂಗತಿಯನ್ನು ನೀವೇ ಕನ್ನಡದಲ್ಲಿ ತಿಳಿಸಿ ಎಂದು ತಾಯಿ ನನಗೆ ಒಪ್ಪಿಸಿ ಹೋದರು. ಅಲ್ಲಿಯವರೆಗೆ ಆ ಸುಳ್ಳನ್ನು ನಾನು ಮರಾಠಿಯಲ್ಲಿ ಮಾತ್ರ ಹೇಳಿದ್ದೆ. ಕನ್ನಡದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಖೋಲಿಯ ನಿಯಮಗಳನ್ನೂ, ಅವು ತಪ್ಪಿ ಮರಿಗಳು ಸತ್ತದ್ದನ್ನೂ ಹೇಳಿ, ‘ಮಲ್ಲಮ್ಮ ಅಂತ ಒಬ್ಬಾಕಿ ಇದ್ದಳು’ ಎಂದು ಶುರುಮಾಡಿದೆ. ಮುಂದಕ್ಕೆ ಹೋಗಲಿಲ್ಲ. ಹುಡುಗಿ ಕಾದಳು. “ಏನಾಯ್ತು ಆಂಟಿ? ಪಾಪ, ಅವ್ರಿಗೆ ರೂಲ್ಸ್ ಗೊತ್ತಿರ್ಲಿಲ್ವಾ? ಯಾರೂ ಟ್ರೇನ್ ಮಾಡಿರ್ಲಿಲ್ವಾ?” ಎಂದಳು. ತಲೆ ಸುತ್ತುತ್ತಿದೆ ಎಂದು ಹೇಳಿ ಹೊರಗೆ ಬಂದೆ. ಅಂದಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲು ಉಕ್ಕಿ ಒಲೆ ಆರಿದರೂ ನೋಡುತ್ತ ನಿಂತಿರುತ್ತೇನೆ.

ಮಲ್ಲಮ್ಮ ಊರಿಗೆ ಹೋಗಿರಲಿಲ್ಲ. ಸಂತೆಯ ಸೊಪ್ಪಿನವರನ್ನು ಕೇಳುತ್ತ ಹೋದೆ, ಮೂರನೆಯವಳಿಗೆ ಗೊತ್ತಿತ್ತು. ಮೊನ್ನೆ ಸಂಜೆ ಹೋಗಿ ನೋಡಿದೆ. ಕಟ್ಟುತ್ತಿರುವ ಒಂದು ಅಪಾರ್ಟ್‌ಮೆಂಟಿನ ಹಿಂದೆ ಕೂಲಿಯವರ ಪತ್ರಾಸಿನ ಮನೆಗಳು. ಅವಳು ಈಗ ಇಟ್ಟಿಗೆ ಹೊರುತ್ತಾಳೆ. ನನ್ನನ್ನು ನೋಡಿ ಎಷ್ಟು ಸಂಭ್ರಮಪಟ್ಟಳು — ಚಹಾ ಕಾಸಿದಳು, ಆಗ ಮರಾಠಿ ಶಾಲೆಯ ಹಾಸ್ಟೆಲ್ಲಿನಲ್ಲಿದ್ದು ಈಗ ಕಾಲೇಜಿಗೆ ಹೋಗುತ್ತಿರುವ ಮಗಳನ್ನು ಕರೆದು, “ನಮ್ಮ ಅಕ್ಕಾರು, ನಾ ಹೇಳ್ತಿದ್ನಲ್ಲ” ಎಂದಳು. ಮೊಲಗಳನ್ನು ಕೇಳಿದಳು.

ಚಹಾ ಮುಟ್ಟದೆ ಹೇಳಿದೆ. ಆ ದಿನ ನೀನು ಹೇಳಿದ್ದೇನು, ನಾನು ಹೇಳಿದ್ದೇನು, ಎರಡನ್ನೂ ಒಂದಾದ ಮೇಲೊಂದರಂತೆ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೂ ಹೇಳಿದೆ. ಅವಳು ನೆಲ ನೋಡುತ್ತ ಕೇಳಿದಳು. ಕೆಲಸದ ಮಾತು ಎತ್ತಲಿಲ್ಲ, ಕೋಣೆಯ ಮಾತು ಎತ್ತಲಿಲ್ಲ.

“ಅಂದ್ರ ಅಳ್ಳೂನ ನಾ ಕೊಂದೀನಂತ ತಿಳ್ಕೊಂಡಾರೇನ್ರಿ ಅಲ್ಲಿ? ಇಷ್ಟು ದಿನ?”

ಹೌದು ಎಂದೆ.

ಅವಳ ಮುಖವನ್ನು ನಾನು ಇಲ್ಲಿ ಬರೆಯಲಾರೆ. ಕ್ಷಮಿಸು ಎಂದೆ. ಭಾನುವಾರ ಎಲ್ಲರೂ ಸೇರುತ್ತಾರೆ, ನೀನೂ ಬಾ, ನಿನ್ನ ಎದುರಿಗೇ ತಾಯಿಗೆ ಎಲ್ಲವನ್ನೂ ಮರಾಠಿಯಲ್ಲಿ ಹೇಳುತ್ತೇನೆ ಎಂದೆ. ಮಲ್ಲಮ್ಮ ಎದ್ದು ನನ್ನ ಮುಂದಿದ್ದ ಚಹಾ ಲೋಟವನ್ನು ತೆಗೆದಳು.

“ಬರ್ತೀನ್ರಿ. ಆದ್ರ ನೀವು ಮರಾಠಿ ಮಾತಾಡಬ್ಯಾಡ್ರಿ. ಕನ್ನಡದಾಗ ಹೇಳ್ರಿ. ನನ್ನ ಮಗಳಿಗೆ ಮರಾಠಿ ಬರ್ತದ, ಆಕಿ ಅವರಿಗೆ ಹೇಳ್ತಾಳ.”

ನಾಡಿದ್ದು ಭಾನುವಾರ. ಅವಳು ಹೇಳಿದ ಹಾಗೆಯೇ ಮಾಡುತ್ತೇನೆ. ಎಲ್ಲರ ನಡುವೆ ನಿಂತು ಕನ್ನಡದಲ್ಲಿ ಹೇಳುತ್ತೇನೆ, ಮಲ್ಲಮ್ಮನ ಮಗಳು ಅದನ್ನು ಮರಾಠಿಯಲ್ಲಿ ಹೇಳಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ.