ಹುಳಕ್ಕೆ ಜ್ವರ ಬಂದ ದಿನ

ಭಾಗ್ಯತ್ತೆ ಹಕ್ಕಿಗಳನ್ನು ಕಿವಿಯಿಂದಲೇ ನೋಡುತ್ತಿದ್ದಳು. ಅವಳು ನಮ್ಮಪ್ಪನ ತಂಗಿ. ಕೈಲಾಂಚದ ಹತ್ತಿರ ಅವಳ ರೇಷ್ಮೆಹುಳದ ಮನೆ. ಹುಳವನ್ನು ಕೊಲ್ಲುವ ಊಜಿ ನೊಣ ನುಗ್ಗದಂತೆ ಕಿಟಕಿಗಳಿಗೆಲ್ಲ ಬಲೆ ಹೊಡೆದಿತ್ತು. ಒಳಗೆ ಸೊಪ್ಪು ಹಾಕುತ್ತಾ ಅತ್ತೆ, ಹೊರಗೆ ಹಿಪ್ಪುನೇರಳೆ ತೋಟದಲ್ಲಿ ಹಕ್ಕಿ, ನಡುವೆ ಬಲೆ.

ಒಂದು ಬೆಳೆ ಮುಗಿದು ಮನೆ ತೊಳೆಯುವಷ್ಟರಲ್ಲಿ ಮುಂದಿನ ಹುಳ ಬಂದು ಕೂತಿರುತ್ತಿತ್ತು. ನೆಂಟರ ಮದುವೆಗೆ ಹೋದವಳಲ್ಲ. ಸಾವಿಗೆ ಹೋದರೂ ಮುಖ ತೋರಿಸಿ ಓಡಿ ಬರಬೇಕು. "ಹುಳ ಗೂಡು ಕಟ್ಟೋದು ಕಡೇಗೆ ಕಣ್ ಮಗ. ಅದ್ಕಿಂತ ಮುಂಚೆ ನಾನ್ ಕಟ್ಕಂಡ್ ಕೂತಿರ್ತೀನಿ," ಎಂದು ನಗುತ್ತಿದ್ದಳು. ನನಗಂತೂ ಆ ಮನೆಯೊಳಗೆ ಕಾಲಿಟ್ಟರೆ ಉಸಿರು ಕಟ್ಟುತ್ತಿತ್ತು.

ಅವಳಿಗೆ ಬಿಡುವು ಸಿಗುತ್ತಿದ್ದುದು ಹುಳಕ್ಕೆ ಜ್ವರ ಬಂದಾಗ. ಪೊರೆ ಬಿಡುವ ಮೊದಲು ಹುಳ ಸೊಪ್ಪು ಮುಟ್ಟದೆ ಮಲಗುತ್ತದೆ. ಅದು ಕಾಯಿಲೆಯಲ್ಲ, ಆದರೂ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಜ್ವರ ಬಂದೈತೆ, ಬಾ," ಎಂದು ಅತ್ತೆ ಫೋನ್ ಮಾಡಿದರೆ ನಾನು ರಾಮನಗರದಿಂದ ದುರ್ಬೀನು ನೇತುಹಾಕಿಕೊಂಡು ಬೈಕ್ ಹತ್ತುತ್ತಿದ್ದೆ.

ಆಗಸ್ಟ್ ಮುಗಿಯುವ ಹೊತ್ತಿಗೆ ಹಿಮಾಲಯದಾಚೆಯಿಂದ ಉಲಿಯಕ್ಕಿಗಳು ನಮ್ಮ ಕಡೆ ಬರುತ್ತವೆ. ಗುಬ್ಬಿಗಿಂತ ಸಣ್ಣವು, ಮಣ್ಣಿನ ಬಣ್ಣದವು, ಗಿಡದ ಬುಡ ಬಿಟ್ಟು ಈಚೆ ಬರುವುದೇ ಇಲ್ಲ. ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ "ಚಕ್, ಚಕ್" ಎನ್ನುವುದು ಮಾತ್ರ ಕೇಳುತ್ತದೆ. ವರ್ಷಾ ವರ್ಷ ಅದನ್ನು ಬಲೆಯ ಹಿಂದಿನಿಂದ ಕೇಳಿದ್ದ ಅತ್ತೆಗೆ ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಹಟ.

ಒಂದು ಜ್ವರದ ದಿನ ಬೆಳಗೆಲ್ಲ ಬದುವಿನ ಮೇಲೆ ಕೂತೆವು. "ಅಗೋ!" ಎಂದು ತೋರಿಸಿದಳು. ಹಕ್ಕಿ ಬಾಲ ನಿಗುರಿಸಿತು.

"ಇದು ನಮ್ಮ ಎಲೆ ಹೊಲಿಯೋ ಸಿಂಪಿಗ ಅತ್ತೆ. ಉಲಿಯಕ್ಕಿ ಹಿಂಗೆ ಬಾಲ ಎತ್ತಲ್ಲ. ಕಣ್ಣಿನ ಮೇಲೆ ಮಾಸಲು ಹುಬ್ಬು ಬೇರೆ ಇರ್ತದೆ."

"ಥೂ, ಮನೇ ಹಕ್ಕೀಗಾ ಇಷ್ಟೊತ್ತು ಕೂತಿದ್ದು!"

ಅಷ್ಟರಲ್ಲಿ ಮಾವ ಬಾಗಿಲಿಂದ ಕೂಗಿದರು: "ಲೇ ಭಾಗ್ಯ, ಹುಳ ಏಳ್ತಾವೆ ಕಣೇ!" ಅತ್ತೆ ಸೆರಗು ಕೊಡವಿ ಎದ್ದಳು. ನನಗೆ ಮಾವನ ಮೇಲೆ ಮೈಯೆಲ್ಲ ಉರಿಯಿತು.

ಹೋದ ವರ್ಷ ಫೋನ್ ಮಾಡಿದ್ದು ಮಾವ. "ಜ್ವರ ಬಂದೈತೆ ಕಣಪ್ಪ. ಬಾ." ನಾನು ದುರ್ಬೀನು ಒರೆಸಿಕೊಂಡು ಖುಷಿಯಿಂದ ಹೋದೆ. ಅತ್ತೆ ಮಂಚದ ಮೇಲಿದ್ದಳು. ನನ್ನ ಕೊರಳಲ್ಲಿದ್ದ ದುರ್ಬೀನು ನೋಡಿ ಆ ಸುಸ್ತಿನಲ್ಲೂ ನಕ್ಕಳು.

"ಹುಳಕ್ಕಲ್ಲ ಕಣೋ, ನಂಗೆ."

ಕಿಟಕಿಯಾಚೆ "ಚಕ್" ಎಂದಿತು. ಏಳಲು ನೋಡಿದಳು, ಆಗಲಿಲ್ಲ. "ನೀನಾರಾ ನೋಡ್ಕಂಡ್ ಬಾ."

ಹೋದೆ. ಎಂದೂ ಕಾಣದ ಹಕ್ಕಿ ಅಂದು ಸೊಪ್ಪು ಕೊಯ್ದ ಬರಿ ಕಡ್ಡಿಯ ಮೇಲೆ ಬಯಲಿಗೇ ಬಂದು ಕೂತಿತ್ತು. ನೋಡಿದ ಕಣ್ಣಿಗೆ ನಾಚಿಕೆಯಾಯಿತು. ಬಂದು ಹೇಳಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಬಾಲ ಎತ್ತಿತಾ?"

"ಇಲ್ಲ."

"ಹುಬ್ಬು?"

"ಐತೆ ಅತ್ತೆ."

"ಹಂಗಾರೆ ಅದೇ ಬುಡು," ಎಂದು ಗೋಡೆಯ ಕಡೆ ತಿರುಗಿದಳು. ಅವಳನ್ನು ನೋಡಿದ್ದು ಅದೇ ಕೊನೆ.

ಮೊನ್ನೆ ಮಾವನ ಫೋನು ಬಂತು. "ಜ್ವರ ಬಂದೈತೆ. ತೋಟದಲ್ಲಿ ಅದ್ಯಾವ್ದೋ ಚಕ್ ಚಕ್ ಅಂತೈತೆ, ಬತ್ತೀಯಾ?" ದುರ್ಬೀನಿಗೆ ಚಾಚಿದ ಕೈಯನ್ನು ಹಿಂದೆಗೆದುಕೊಂಡೆ.

"ಹುಳಕ್ಕೆ ಕಣಪ್ಪ," ಎಂದರು ಮಾವ.