ಗುಡ್ಡದ ಟ್ಯಾಂಕಿನ ಬಲ್ಬು ಕಾಯುವ ತಿಮ್ಮರಾಯಪ್ಪ

ಬೆಳಗಿನ ಆರು ಗಂಟೆ. ಹೊಸದುರ್ಗದ ಬಳಿ, ವೇದಾವತಿ ದಂಡೆಯ ಪಂಪ್‌ಹೌಸಿನಲ್ಲಿ ಮೋಟಾರು ಗುಯ್ಗುಡುತ್ತಿದೆ. ಪಂಪು ನಡೆಸುವ ತಿಮ್ಮರಾಯಪ್ಪನವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲೇ ಕುಳಿತಿದ್ದೇನೆ. ಅವರ ಕಣ್ಣು ಮಾತ್ರ ಗೋಡೆಯಲ್ಲಿ ಉರಿಯುತ್ತಿರುವ ಪುಟ್ಟ ಬಲ್ಬಿನ ಮೇಲಿದೆ. ಅರ್ಧ ಮೈಲಿ ಆಚೆ, ಗುಡ್ಡದ ಮೇಲಿನ ನೀರಿನ ಟ್ಯಾಂಕಿನಿಂದ ಬಂದ ತಂತಿ ಈ ಬಲ್ಬಿಗೆ ಸೇರುತ್ತದೆ. ಬಲ್ಬು ಉರಿಯುತ್ತಿದ್ದರೆ ಟ್ಯಾಂಕು ಇನ್ನೂ ತುಂಬಿಲ್ಲ; ಆರಿದರೆ ಮೋಟಾರು ನಿಲ್ಲಿಸಬೇಕು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಎರಡು ಸಲ, ಮೂರು ಮೂರು ಗಂಟೆ ನೀರೆತ್ತುತ್ತಾರೆ. ನಾನೂರು ಮನೆಯ ಕೊಡಗಳು ತುಂಬುವುದು ಇವರಿಂದಲೇ. ಆದರೂ ಊರಿಗೆ ಇವರ ನೆನಪಾಗುವುದು ನಲ್ಲಿ ಒಣಗಿದ ದಿನ ಮಾತ್ರ!

ಮೊದಲು ಈ ತಂತಿ ಇರಲಿಲ್ಲ. ತಿಮ್ಮರಾಯಪ್ಪ ಮೋಟಾರು ಬಿಟ್ಟು ಏಳುವಂತಿಲ್ಲ. ಹಾಗಾಗಿ ಹೆಂಡತಿ ನಿಂಗಕ್ಕ ಅರ್ಧ ಗಂಟೆಗೊಮ್ಮೆ ಟ್ಯಾಂಕಿನ ಏಣಿ ಹತ್ತಿ ಇಣುಕಿ, ತುಂಬಿದ್ದರೆ ಕೆಂಪು ಬಟ್ಟೆ ಬೀಸುತ್ತಿದ್ದರು. "ಹತ್ತು ಸಲ ಹತ್ತಿದ್ರೆ ಒಂಬತ್ತು ಸಲ ಸುಮ್ನೆ ಹತ್ತಿದಂಗೆ. ಮಂಜು ಬಿದ್ದಾಗ ಬೀಸಿದ್ರೂ ಇವ್ರಿಗೆ ಕಾಣ್ತಿರ್ಲಿಲ್ಲ" ಎನ್ನುತ್ತಾರೆ ನಿಂಗಕ್ಕ. ಹೋದ ವರ್ಷ ಏಣಿಯಿಂದ ಜಾರಿ ಬಿದ್ದರು. ಮೊಣಕಾಲು ಇನ್ನೂ ನೆಟ್ಟಗಾಗಿಲ್ಲ.

ಆಗ ತಿಮ್ಮರಾಯಪ್ಪ ಬಾಯಿ ಬೆಸೆದ ಎಣ್ಣೆ ಡಬ್ಬಿಯನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟರು. ನೀರು ತುಂಬಿ ಡಬ್ಬಿ ಮೇಲೆ ಬಂದರೆ ಪಂಪ್‌ಹೌಸಿನಲ್ಲಿ ಗಂಟೆ ಹೊಡೆಯುವಂತೆ ತಂತಿ ಎಳೆದರು. ಒಂದು ದಿನ ಕುರಿ ಕಾಯುವ ಚಿತ್ತಯ್ಯ ಗುಡ್ಡದ ಕೆಳಗೆ ಕುರಿ ಕೂಡುವ ರೊಪ್ಪದ ಬೇಲಿ ಬಿಗಿಯಲು ಆ ತಂತಿಯನ್ನೇ ಕಿತ್ತುಕೊಂಡು ಹೋದ. "ಗಂಟೆ ಹೊಡೀಲಿಲ್ಲ, ಇನ್ನೂ ತುಂಬಿಲ್ಲ ಅಂದ್ಕಂಡು ಕುಂತೆ" ಎನ್ನುತ್ತಾರೆ ತಿಮ್ಮರಾಯಪ್ಪ. ಟ್ಯಾಂಕು ಉಕ್ಕಿ ನೀರು ನುಗ್ಗಿದ್ದು ಚಿತ್ತಯ್ಯನ ರೊಪ್ಪಕ್ಕೇ. ಮಾಡಿದ್ದುಣ್ಣೋ ಮಹರಾಯ! ಬೈಸಿಕೊಂಡವರು ಮಾತ್ರ ತಿಮ್ಮರಾಯಪ್ಪ. ಮೂರು ತಿಂಗಳಲ್ಲಿ ಇನ್ನೊಮ್ಮೆ ಉಕ್ಕಿದರೆ ತಂತಿ ತೆಗೆಸಿ, ನಿಂಗಕ್ಕನನ್ನೇ ಮತ್ತೆ ಏಣಿ ಹತ್ತಿಸುವುದಾಗಿ ಮೇಲಧಿಕಾರಿಗಳು ಹೇಳಿಬಿಟ್ಟರು.

ತಿಮ್ಮರಾಯಪ್ಪ ಗಂಟೆ ಬಿಚ್ಚಿ, ಡಬ್ಬಿ ಮೇಲೆ ಬಂದರೆ ಆರುವಂತೆ ಬಲ್ಬು ಹಾಕಿದ್ದು ಆಮೇಲೆ. "ತಂತಿಗೆ ತುಂಬಿದಾಗ ಹೇಳು ಅಂದ್ರೆ, ಅದು ಹೋದಾಗ ಹೇಳಾಕೆ ಬಾಯೇ ಇಲ್ಲದಂಗಾತಲ್ಲ. ಅದಕ್ಕೆ, ಎಲ್ಲಾ ಸರಿ ಐತೆ ಅಂತ ಹೇಳ್ತಾನೇ ಇರು ಅಂದೆ. ಹೇಳಾದು ನಿಂತ್ರೆ ನಾನು ಮೋಟ್ರು ನಿಲ್ಲಿಸ್ತೀನಿ. ತುಂಬೈತೋ, ತಂತಿ ಹೋಗೈತೋ, ಆಮೇಲೆ ನೋಡ್ಕಳಾಣ."

ಈ ದಿನ ಆ ಮೂರು ತಿಂಗಳ ಕೊನೆಯ ದಿನ. ಎಂಟೂವರೆಗೆ, ಟ್ಯಾಂಕು ತುಂಬುವ ಹೊತ್ತು ಹತ್ತಿರವಾದಾಗ ಬಲ್ಬು ಆರುತ್ತದೆ. ತಕ್ಷಣ ಮೋಟಾರು ನಿಲ್ಲಿಸಿ ಸೈಕಲ್ ಹತ್ತುತ್ತಾರೆ. ಹಿಂದೆ ನಾನೂ ಕೂರುತ್ತೇನೆ. ದಾರಿಯಲ್ಲಿ ಹೊಂಗೆಯ ಕೊಂಬೆ ಮುರಿದು ಬಿದ್ದು ತಂತಿ ತುಂಡಾಗಿದೆ. ಟ್ಯಾಂಕಿನಲ್ಲಿ ಕಂಠಕ್ಕೆ ಒಂದೇ ಗೇಣು ಬಾಕಿ, ಹೊರಗೆ ಒಂದು ಹನಿಯೂ ಚೆಲ್ಲಿಲ್ಲ. ಗಂಟೆಯನ್ನೇ ನಂಬಿದ್ದರೆ ಗತಿಯೇನಿತ್ತು? ತಿಮ್ಮರಾಯಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ನಗುತ್ತಾರೆ. ನನಗೂ ಹೋದ ಜೀವ ಬಂದಂತಾಗುತ್ತದೆ.

ತಂತಿ ಕಟ್ಟಿ, ಆ ದಿನದ ಎರಡನೇ ಸಲವೂ ಚೆಲ್ಲದಂತೆ ನೀರೆತ್ತಿ ಮನೆಗೆ ಬಂದವರೇ ಬಾಗಿಲಲ್ಲೇ ಹೇಳುತ್ತಾರೆ: "ಇನ್ನ ಏಣಿ ಹತ್ತಾದಿಲ್ಲ ಬಿಡು."

ನಿಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳುತ್ತಾರೆ: "ಅಂಗಾರೆ ನಾಳಿಂದ ನಾನೂ ಪಂಪ್‌ಹೌಸಿಗೆ ಬರ್ಲಾ? ಇಷ್ಟು ವರ್ಷ ನಿಮ್ಮನ್ನ ದೂರದಿಂದ ನೋಡಿದ್ದೇ ಆತು."